ಬಿರುದಿನಲ್ಲಿ ಕೇಳಿದ ಊರು: ಪೆನುಕೊಂಡದಲ್ಲಿ ಒಂದು ದಿನ

ದೆಹಲಿ, ಕೊಲ್ಲಾಪುರ, ಜಿನಕಂಚಿ, ಪೆನುಗೊಂಡ. ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಕೇಳದ ಜೈನ ಬಾಂಧವರು ನಮ್ಮಲ್ಲಿ ಕಡಿಮೆ. ಲಕ್ಷ್ಮೀಸೇನ ಭಟ್ಟಾರಕ ಸ್ವಾಮಿಗಳವರ ಬಿರುದಾವಳಿಯಲ್ಲಿ ಈ ನಾಲ್ಕೂ ಸಿದ್ಧಸಿಂಹಾಸನಗಳ ಹೆಸರು ಬರುತ್ತದೆ. ಪಂಚಕಲ್ಯಾಣದ ಆಹ್ವಾನಪತ್ರಿಕೆಗಳಲ್ಲಿ ನಾನು ಚಿಕ್ಕಂದಿನಿಂದ ಓದುತ್ತಾ ಬಂದಿದ್ದೇನೆ. ಕೊಲ್ಲಾಪುರಕ್ಕೆ ಹೋಗಿದ್ದೇವೆ, ಜಿನಕಂಚಿಗೂ ಹೋಗಿದ್ದೇವೆ. ಮಡಕಶಿರಾ ಸೀಮೆಯ ನಮಗೆ ತೀರಾ ಹತ್ತಿರದ ಪೆನುಕೊಂಡಕ್ಕೆ ಮಾತ್ರ ಹೋಗಿರಲಿಲ್ಲ. ನಮ್ಮ ತಂದೆಯವರು ಬೆಲ್ಲ, ಹುಣಸೆಹಣ್ಣಿನ ವ್ಯಾಪಾರಕ್ಕಾಗಿ ಹಿಂದೂಪುರಕ್ಕೆ ನೂರಾರು ಸಲ ಹೋಗಿಬಂದರು. ಅಲ್ಲಿಂದ ಸುಮಾರು 40 ಕಿ.ಮೀ. ಮುಂದೆ ಹೋಗಲು ಅವರಿಗೆ ಬಿಡುವಾಗಲಿಲ್ಲ. "ಮುಂದಿನ ಸಲ" ಎನ್ನುತ್ತಲೇ ತೀರಿಕೊಂಡರು.

ಕಳೆದ ಚಳಿಗಾಲದ ಒಂದು ಭಾನುವಾರ ಅಂಗಡಿಗೆ ಬೀಗ ಹಾಕಿ ನಾನು, ಮನೆಯಾಕೆ, ಹತ್ತು ವರ್ಷದ ಮೊಮ್ಮಗಳು ಹೊರಟೆವು. ಸೋಸಿದ ನೀರು, ಚಪಾತಿ, ಹೆಸರುಕಾಳಿನ ಪಲ್ಯ, ಅಷ್ಟದ್ರವ್ಯದ ಡಬ್ಬಿ, ಇಷ್ಟೇ ಸಾಮಾನು. ಹಿಂದೂಪುರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಬೆಂಗಳೂರಿನಿಂದ ಬರುವವರಿಗೆ ರೈಲೂ ಇದೆ, ಸುಮಾರು 140 ಕಿ.ಮೀ. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಪೆನುಕೊಂಡವೆಂದರೆ ದೊಡ್ಡ ಬೆಟ್ಟ. ಸಂಸ್ಕೃತದಲ್ಲಿ ಘನಗಿರಿ ಎಂದರು. ಬಸ್ಸಿಳಿದು ತಲೆಯೆತ್ತಿದರೆ ಹೆಸರಿನ ಅರ್ಥ ಯಾರೂ ಹೇಳಬೇಕಿಲ್ಲ. ಬಂಡೆಗಳ ಬೆಟ್ಟ, ಅದರ ಮೈಮೇಲೆ ಕೋಟೆಯ ಗೋಡೆ, ಬುಡದಲ್ಲಿ ಊರು.

ಮೊದಲು ಜಿನದರ್ಶನ, ಆಮೇಲೆ ಉಳಿದದ್ದು ಎಂದು ಪೇಟೆಯ ಪಾರ್ಶ್ವನಾಥ ಬಸದಿಗೆ ನಡೆದೆವು. ಒಳಗೆ ಸ್ವಾಮಿ ನಿಂತಿದ್ದಾನೆ. ಹಸಿರು ಛಾಯೆಯ ಶಿಲೆಯಾದ್ದರಿಂದ ಪಚ್ಚೆ ಪಾರ್ಶ್ವನಾಥನೆಂದೇ ಹೆಸರು. ಹಿಂದೆ ಸರ್ಪದ ದೇಹ ಅಲೆಅಲೆಯಾಗಿ ಏರಿ ಮೇಲೆ ಹೆಡೆ ಬಿಚ್ಚಿದೆ. ಹೊಯ್ಸಳರ ಶೈಲಿಯ ನಯವಾದ ಕೆಲಸ. ಆ ಮುಖದ ಶಾಂತಿಯ ಎದುರು ಮನೆಯಾಕೆ ಅರ್ಘ್ಯ ಬಿಟ್ಟು ಣಮೋಕಾರ ಹೇಳಿ ಕುಳಿತವಳು ಬೇಗ ಏಳಲಿಲ್ಲ. ನಮ್ಮನ್ನು ಬಿಟ್ಟರೆ ಅಷ್ಟು ಹೊತ್ತು ಅಲ್ಲಿಗೆ ಇನ್ನಾರೂ ಬರಲಿಲ್ಲ.

ಹೊರಗೆ ಬಂದಾಗ ಮೊಮ್ಮಗಳು ಕೇಳಿದಳು: "ತಾತ, ಸಿಂಹಾಸನ ಎಲ್ಲಿದೆ?"

ನಾನು ಸುಮ್ಮನಾದೆ. ಇಂದು ಇಲ್ಲಿ ಭಟ್ಟಾರಕರ ಪೀಠವಿಲ್ಲ, ಹೆಸರು ಬಿರುದಿನಲ್ಲಿ ಮಾತ್ರ ಉಳಿದಿದೆ. ಮಗುವಿಗೆ ಏನು ಹೇಳುವುದು? "ನೋಡೋಣ ಬಾ" ಎಂದು ಮುಂದೆ ನಡೆಸಿದೆ.

ಊರಿನ ನಡುವೆ ರಾಮನ ಗುಡಿ, ಶಿವನ ಗುಡಿ ಅಕ್ಕಪಕ್ಕದಲ್ಲಿವೆ. ಎರಡೂ ವಿಜಯನಗರ ಕಾಲದವು. ರಾಮನ ಗುಡಿಯ ಗೋಡೆಗಂಬಗಳ ಮೇಲೆ ರಾಮಾಯಣ ಮತ್ತು ಕೃಷ್ಣಕಥೆಯ ಸಣ್ಣ ಸಣ್ಣ ಶಿಲ್ಪಗಳಿವೆ. ಮಕ್ಕಳನ್ನು ಕರೆದೊಯ್ದವರು ಇಲ್ಲಿ ಅರ್ಧ ಗಂಟೆ ಮೀಸಲಿಡಬೇಕು. ಊರಿನಲ್ಲಿ ವರ್ಷದ ದಿನಕ್ಕೊಂದರಂತೆ 365 ಗುಡಿಗಳಿದ್ದವೆಂದು ಜನ ಹೇಳುತ್ತಾರೆ.

ಅಲ್ಲಿಂದ ಗಗನ ಮಹಲ್. ಎರಡು ಅಂತಸ್ತಿನ ಅರಮನೆ, ಮೇಲೆ ಶಿಖರದಂಥ ಗೋಪುರ. ಕಮಾನುಗಳು ಸುಲ್ತಾನರ ಕಟ್ಟಡಗಳಂತೆ, ಶಿಖರ ನಮ್ಮ ಗುಡಿಗಳಂತೆ. ಹಂಪಿಯ ಕಮಲ ಮಹಲನ್ನು ಕಂಡವರಿಗೆ ಕೂಡಲೇ ಅದರ ನೆನಪಾಗುತ್ತದೆ. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ರಾಮರಾಯ ಮಡಿದ ಮೇಲೆ ಅವನ ತಮ್ಮ ತಿರುಮಲ ಹಂಪಿ ಬಿಟ್ಟು ಇಲ್ಲಿಗೆ ಬಂದ. ಕೆಲವು ದಶಕಗಳ ಕಾಲ ಸಾಮ್ರಾಜ್ಯಕ್ಕೆ ಇದೇ ರಾಜಧಾನಿ. ಮುಂದೆ ವೆಂಕಟಪತಿರಾಯನ ಕಾಲಕ್ಕೆ ರಾಜಧಾನಿ ಚಂದ್ರಗಿರಿಗೆ ಹೋಯಿತು. ಸಿಂಹಾಸನಗಳು ಊರೂರು ಅಲೆಯುವುದು ಹೊಸದೇನಲ್ಲವೆಂದು ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಶೇರ್ ಖಾನ್ ಮಸೀದಿಯನ್ನೂ ಹೊರಗಿನಿಂದ ನೋಡಿದೆವು. ಬಾಬಯ್ಯ ಸ್ವಾಮಿಯ ದರ್ಗಾಕ್ಕೆ ಹಿಂದೂ, ಮುಸಲ್ಮಾನರಿಬ್ಬರೂ ಬರುತ್ತಾರೆ. ಒಂದೇ ಪೇಟೆಯಲ್ಲಿ ಬಸದಿ, ಗುಡಿ, ಮಸೀದಿ. ಇದನ್ನು ಕಾಲ್ನಡಿಗೆಯಲ್ಲೇ ನೋಡಬೇಕು, ಕಾರಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

ಮರದ ನೆರಳಿನಲ್ಲಿ ಊಟ ಮುಗಿಸಿ ಕೋಟೆಯ ಬಾಗಿಲುಗಳ ಕಡೆ ಹೊರಟೆವು. ಬೆಟ್ಟದ ಮೇಲೆ ನರಸಿಂಹ ಸ್ವಾಮಿಯ ಗುಡಿಯಿದೆ. ನನ್ನ ಮೊಣಕಾಲು ಒಪ್ಪಲಿಲ್ಲ, ಹತ್ತಲಿಲ್ಲ. ಹತ್ತುವವರು ಬೆಳಿಗ್ಗೆ ಬಿಸಿಲೇರುವ ಮೊದಲೇ ಹತ್ತಿಬರಬೇಕು. ಎರ್ರಮಂಚಿ ಬಾಗಿಲಲ್ಲಿ 11 ಅಡಿ ಎತ್ತರದ ಆಂಜನೇಯ ನಿಂತಿದ್ದಾನೆ. ಉತ್ತರದ ಬಾಗಿಲ ಶಾಸನ ಮೊದಲನೆಯ ಬುಕ್ಕರಾಯನದು. ಅವನ ಮಗ ವಿರೂಪಣ್ಣ ಇಲ್ಲಿ ಆಳುತ್ತಿದ್ದಾಗ, 1354ರ ಹೊತ್ತಿಗೆ, ಮಂತ್ರಿ ಅನಂತರಸ ಕೋಟೆ ಕಟ್ಟಿಸಿದನು.

ಬುಕ್ಕರಾಯನ ಹೆಸರು ಬಂದ ಕೂಡಲೇ ಇನ್ನೊಂದು ಶಾಸನ ನೆನಪಾಯಿತು. 1368ರಲ್ಲಿ ಜೈನರಿಗೂ ವೈಷ್ಣವರಿಗೂ ವ್ಯಾಜ್ಯವಾದಾಗ ಜೈನರು ಬುಕ್ಕರಾಯನಿಗೆ ದೂರು ಕೊಟ್ಟರು. ಶ್ರವಣಬೆಳಗೊಳದ ಆ ಶಾಸನದಲ್ಲಿ ದೂರು ಕೊಟ್ಟ ಊರುಗಳ ಪೈಕಿ ಆನೆಗೊಂದಿ, ಹೊಸಪಟ್ಟಣ, ಕಲ್ಲೇಹಗಳೊಡನೆ ಪೆನುಗೊಂಡೆಯ ಹೆಸರೂ ಇದೆ! ರಾಯನು ಜೈನರ ಕೈಯನ್ನು ವೈಷ್ಣವರ ಕೈಗಿತ್ತು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಜೊತೆಗೆ ಒಂದು ಏರ್ಪಾಡು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮುಂದೆ ಆ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಕಲ್ಲೇಹದ ಬುಸುವಿಸೆಟ್ಟಿ. ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಕೋಟೆಯ ಬಾಗಿಲಲ್ಲಿ ಕುಳಿತು ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಬೆಳಿಗ್ಗೆ ಕಂಡ ಬಸದಿಯಲ್ಲಿ ಒಂದು ಹಳೆಯ ಮರಣಶಾಸನ ದೊರೆತಿದೆ. ಜಿನಭೂಷಣ ಭಟ್ಟಾರಕದೇವರ ಶಿಷ್ಯ ನಾಗಯ್ಯನೆಂಬವನದು. ಅವನು ಮುನಿಯಲ್ಲ, ಅರಸನಲ್ಲ. ನಮ್ಮ ಹಾಗೆ ಮನೆವಾರ್ತೆ ನಡೆಸಿಕೊಂಡಿದ್ದ ಶ್ರಾವಕ. ಅರಸರು ಹೋದರು, ಪೀಠವೂ ಹೋಯಿತು. ಶ್ರಾವಕನ ಹೆಸರು ಕಲ್ಲಿನಲ್ಲಿ ಉಳಿಯಿತು.

"ಹಾಗಾದರೆ ಸಿಂಹಾಸನ ಎತ್ತಿಡುವವರು ನಾವೇನಾ?" ಎಂದಳು ಹುಡುಗಿ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹೊತ್ತು ಮುಳುಗುವ ಮೊದಲೇ ಹಿಂದೂಪುರ ಮುಟ್ಟಿ, ತಂದಿದ್ದ ಅವಲಕ್ಕಿ ತಿಂದು ಊರ ಬಸ್ಸು ಹತ್ತಿದೆವು. ಇಡೀ ದಿನಕ್ಕೆ ಆದ ಖರ್ಚು ಅಂಗಡಿಯ ಒಂದು ದಿನದ ಚಹಾ, ಆಳುಕೂಲಿಗಿಂತ ಹೆಚ್ಚಲ್ಲ.

ಬಾಂಧವರೇ, ಶಿಖರಜಿಗೆ ಹೋಗಲು ವರ್ಷಗಟ್ಟಲೆ ಹಣ ಕೂಡಿಡುತ್ತೇವೆ, ಒಳ್ಳೆಯದೇ. ಆದರೆ ನಮ್ಮ ಬಾಗಿಲಲ್ಲೇ ಇರುವ ಪಚ್ಚೆ ಪಾರ್ಶ್ವನಾಥನ ಎದುರು ದಿನವೂ ಯಾರಾದರೊಬ್ಬರು ಅಕ್ಷತೆ ಬಿಡುವಂತಾಗಬೇಡವೇ? ಮನೆಗೊಂದು ಹಣವೆಂದು ನಮ್ಮ ಹಿರಿಯರು ಒಪ್ಪಿ ನಡೆದರು. ನಾವು ಮನೆಗೊಂದು ದಿನ ಕೊಡೋಣ. ನಮ್ಮ ತಂದೆಯವರಂತೆ "ಮುಂದಿನ ಸಲ" ಎನ್ನುವುದು ಬೇಡ.