ಒಂದೇ ಮುಲಾಮು, ಎರಡು ತಪ್ಪು

ಸ್ಟೆರಾಯ್ಡ್ ಮುಲಾಮಿನ ವಿಷಯದಲ್ಲಿ ನಾನು ಎರಡು ಸಲ ತಪ್ಪಿದ್ದೇನೆ. ಮೊದಲ ಸಲ ಹಚ್ಚಬಾರದ ಕಡೆ ಹಚ್ಚಿಕೊಂಡೆ. ಎರಡನೇ ಸಲ ಹಚ್ಚಲೇಬೇಕಾದ ಕಡೆ ಹಚ್ಚಲು ಬಿಡಲಿಲ್ಲ. ಮೊದಲನೆಯದರ ಗುರುತು ನನ್ನ ತೊಡೆಯ ಮೇಲಿದೆ. ಎರಡನೆಯದನ್ನು ಅನುಭವಿಸಿದವಳು ನನ್ನ ಮಗಳು, ಅದಕ್ಕೇ ಅದು ಹೆಚ್ಚು ಕಾಡುತ್ತದೆ.

ನಮ್ಮೂರು ಚಂದಕವಾಡಿಯ ಸುತ್ತ ಅರಿಶಿನ ಬೆಳೆಯುವವರಿಗೆ ತೊಡೆಸಂದಿಯ ಹುಳುಕಡ್ಡಿ ಹೊಸದಲ್ಲ. ರಾತ್ರಿ ಕರೆಂಟು ಬಂದಾಗ ಎದ್ದು ನೀರು ಕಟ್ಟಬೇಕು, ಒದ್ದೆ ಚಡ್ಡಿಯಲ್ಲೇ ಬೆಳಗು ಮಾಡಬೇಕು. ಅರಿಶಿನ ಬೇಯಿಸುವ ದಿನಗಳಲ್ಲಂತೂ ಒಲೆಯ ಮುಂದೆ ಬೆವರು ಇಳಿಯುತ್ತಲೇ ಇರುತ್ತದೆ. ನನಗೂ ಹಾಗೇ ಶುರುವಾಯಿತು. ಕೆಂಪಗಿನ ಒಂದು ಸುತ್ತು, ಅಂಚು ಉಬ್ಬು, ನಡುವೆ ಮಾಸಲು ಬಣ್ಣ. ಜಾಗ ಅಂಥದ್ದು, ಡಾಕ್ಟರ ಮುಂದೆ ಬಿಚ್ಚಿ ತೋರಿಸಲು ನಾಚಿಕೆ. ಮೆಡಿಕಲ್‌ಗೆ ಹೋಗಿ, ಜನ ಕಮ್ಮಿಯಾಗುವವರೆಗೂ ಕಾದು, "ನವೆಗೆ ಏನಾರ ಕೊಡಿ ಅಣ್ಣ" ಅಂದೆ. ಒಂದು ಟ್ಯೂಬು ಸಿಕ್ಕಿತು. ಏನು, ಎತ್ತ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ರಾತ್ರಿಗೆ ನವೆ ನಿಂತಿತು. ಅಷ್ಟು ಹಿತವಾದ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ. ಟ್ಯೂಬು ಮನೆಮಂದಿಗೆಲ್ಲ ಆಯಿತು. ಅವ್ವನ ಸೊಂಟದ ಪಟ್ಟಿಗೆ, ತಮ್ಮನ ಕಂಕುಳಿಗೆ, ಒಂದು ಸಲ ನನ್ನ ಮುಖದ ಮೊಡವೆಗೂ. ಹಚ್ಚುವುದು ಬಿಟ್ಟರೆ ನವೆ ಇಮ್ಮಡಿಯಾಗಿ ಬರುತ್ತಿತ್ತು, ಮತ್ತೆ ಟ್ಯೂಬು ತರುತ್ತಿದ್ದೆವು. ಹೀಗೆ ವರ್ಷ ಕಳೆಯಿತು. ಅಷ್ಟರಲ್ಲಿ ಹುಳುಕಡ್ಡಿಗೆ ಇರಬೇಕಾದ ದುಂಡನೆಯ ಅಂಚೇ ಅಳಿಸಿಹೋಗಿ, ಸುತ್ತಿನೊಳಗೆ ಸುತ್ತು ಎದ್ದು, ಪೃಷ್ಠದವರೆಗೂ ಹರಡಿತ್ತು.

ಕೊನೆಗೆ ಮೈಸೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಬ್ಲೇಡಿನ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಇಣುಕಲು ಹೇಳಿದರು. ಚರ್ಮದ ಕಣಗಳ ನಡುವೆ ಎಳೆ ಎಳೆಯಾಗಿ ಕವಲೊಡೆದ ದಾರಗಳು. ಅದೇ ಫಂಗಸ್. ನಾನು ವರ್ಷಪೂರ್ತಿ ಅದನ್ನು ಸಾಕಿದ್ದೆ. ಟ್ಯೂಬಿನಲ್ಲಿದ್ದದ್ದು ಕ್ಲೊಬೆಟಾಸಾಲ್. ಹಚ್ಚುವ ಸ್ಟೆರಾಯ್ಡುಗಳಲ್ಲಿ ಅತಿ ತೀಕ್ಷ್ಣ ವರ್ಗದ್ದು. ಜೊತೆಗೊಂದು ಫಂಗಸ್ ಔಷಧ, ಒಂದು ಆಂಟಿಬಯಾಟಿಕ್ಕು. ಫಂಗಸ್ ಬಂದಾಗ ಮೈ ಕೆಂಪೇರಿ ಉರಿಯುವುದು ಅದನ್ನು ಹೊರಗಟ್ಟುವ ಪ್ರಯತ್ನ. ಸ್ಟೆರಾಯ್ಡ್ ಆ ಪ್ರಯತ್ನವನ್ನೇ ಅಡಗಿಸುತ್ತದೆ. ನಾಯಿಯ ಬಾಯಿ ಕಟ್ಟಿ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಯ ಬಗ್ಗೆ ವೈದ್ಯರು 1968ರಲ್ಲೇ ಬರೆದಿದ್ದಾರೆ.

ಅದಕ್ಕಿಂತ ಒಂದು ವರ್ಷ ಮೊದಲು, 1967ರಲ್ಲಿ, ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ಸಂಶೋಧಕರು ಹೈಡ್ರೋಕಾರ್ಟಿಸೋನನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಎಷ್ಟೆಷ್ಟು ಒಳಗಿಳಿಯುತ್ತದೆಂದು ಅಳೆದಿದ್ದರು. ಮುಂಗೈಗೆ ಹೋಲಿಸಿದರೆ ವೃಷಣದ ಚರ್ಮ 42 ಪಟ್ಟು ಹೀರಿತ್ತು. ಸಂದಿಯ ಚರ್ಮವೂ ತೆಳು, ಸದಾ ತೇವ. ನನ್ನ ಒಳತೊಡೆಯಲ್ಲಿ ಬೆರಳಗಲದ ಬರೆಗಳು ಎದ್ದಿವೆ, ಬಸುರಿಯರ ಹೊಟ್ಟೆಯ ಮೇಲೆ ಬರುವಂಥವೇ. ಆಗ ನೇರಳೆ ಇದ್ದವು, ಈಗ ಬಿಳಿಚಿವೆ. ಸವರಿದರೆ ಚರ್ಮ ಕಾಗದದಷ್ಟು ತೆಳ್ಳಗೆ ಹತ್ತುತ್ತದೆ. ಇವು ಹೋಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ವಾಸಿಯಾಗಲು ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಮನೆಯವರೆಲ್ಲ ಒಟ್ಟಿಗೇ ಔಷಧ ಮಾಡಿದೆವು, ಟವಲು ಬೇರೆ ಮಾಡಿದೆವು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ನಮ್ಮ ದೇಶದಲ್ಲಿ ಈಗ ಹರಡಿರುವ ಹುಳುಕಡ್ಡಿ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 2020ರಲ್ಲಿ ಇದರ ಫಂಗಸ್ಸಿಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಹಳೆಯ ನೆಚ್ಚಿನ ಔಷಧಕ್ಕೆ ಇದು ಎಷ್ಟೋ ಸಲ ಜಗ್ಗುವುದೇ ಇಲ್ಲ. ಮನೆಮನೆಯ ಇಂಥ ಟ್ಯೂಬುಗಳಿಗೂ ಇದರಲ್ಲಿ ಪಾಲಿದೆ ಎಂಬುದು ಚರ್ಮವೈದ್ಯರ ಅಭಿಪ್ರಾಯ. ಆ ಪಾಲಿನಲ್ಲಿ ನನ್ನದೂ ಸೇರಿದೆ.

ಇಷ್ಟಾದ ಮೇಲೆ ಸ್ಟೆರಾಯ್ಡ್ ಎಂಬ ಹೆಸರು ಕೇಳಿದರೇ ನಡುಗುತ್ತಿದ್ದೆ. ಆ ಹೊತ್ತಿಗೆ ಮಗಳ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು ಕಾಣಿಸಿತು. ಡಾಕ್ಟರು ಬರೆದ ಚೀಟಿಯಲ್ಲಿ ಸ್ಟೆರಾಯ್ಡ್ ಇತ್ತು. ತಂದ ಟ್ಯೂಬನ್ನು ತಿಪ್ಪೆಗೆ ಎಸೆದೆ. "ಓದಿರೋರು ಅವರಾ, ನೀವಾ?" ಅಂತ ಹೆಂಡತಿ ಕೇಳಿದಳು. ನನ್ನ ತೊಡೆಯನ್ನೇ ಅವಳಿಗೆ ಉತ್ತರವಾಗಿ ತೋರಿಸಿದೆ. ಬೇವಿನಸೊಪ್ಪು ಕುದಿಸಿದ ನೀರು, ಅರಿಶಿನದ ಲೇಪ, ಕೊಬ್ಬರಿ ಎಣ್ಣೆ ಎಲ್ಲವೂ ಆಯಿತು. ಬಿರುಕುಬಿಟ್ಟ ಚರ್ಮಕ್ಕೆ ಲೇಪ ತಾಕಿದೊಡನೆ ಮಗು "ಉರೀತದೆ ಅಪ್ಪ" ಎಂದು ಕೈ ಎಳೆದುಕೊಳ್ಳುತ್ತಿತ್ತು. ನಿದ್ದೆಯಲ್ಲೇ ಕೆರೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಉಗುರಿನೊಳಗೆ ಒಣಗಿದ ರಕ್ತ, ದಿಂಬಿನ ಮೇಲೆ ಕಲೆ. ಗಾಯದಿಂದ ಹಳದಿ ನೀರು ಸುರಿದು ಹೆಕ್ಕಳೆ ಕಟ್ಟಿ ಜ್ವರ ಬಂದ ಮೇಲೆ ಮತ್ತೆ ಅದೇ ಡಾಕ್ಟರ ಹತ್ತಿರ ಎತ್ತಿಕೊಂಡು ಹೋದೆವು.

"ನಿಮಗೆ ಆಗಿದ್ದು ಫಂಗಸ್. ಇವಳದು ಅದಲ್ಲ, ಮೈಯೇ ಸುಮ್ಮನೆ ರೇಗಿ ಕೂತಿದೆ. ಅದನ್ನ ತಣಿಸೋಕೆ ಸ್ಟೆರಾಯ್ಡೇ ಬೇಕು" ಅಂದರು. ಬೈಯಲಿಲ್ಲ. ಅಳತೆ ತೋರಿಸಿಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಗುವಿಗೆ ಕ್ಲೊಬೆಟಾಸಾಲ್ ಅಲ್ಲ, ಅದಕ್ಕಿಂತ ಎಷ್ಟೋ ಸೌಮ್ಯವಾದದ್ದು. ಕೆಂಪು ಇಳಿಯುವವರೆಗೆ ದಿನಕ್ಕೊಮ್ಮೆ, ಆಮೇಲೆ ಡಾಕ್ಟರು ಹೇಳಿದಂತೆ ಕಡಿಮೆ ಮಾಡುತ್ತಾ ಬರಬೇಕು. ಕೆಂಪಿರಲಿ ಬಿಡಲಿ, ಚರ್ಮ ಒಣಗದಂತೆ ಜಿಡ್ಡಿನ ಮುಲಾಮು ನಿತ್ಯವೂ ಬೇಕು. ಒಂದು ವಾರಕ್ಕೆ ಅವಳು ರಾತ್ರಿಯಿಡೀ ಮಲಗಿದಳು. ನಾನು ಹಟ ಮಾಡದಿದ್ದರೆ ಆ ನಿದ್ದೆ ತಿಂಗಳುಗಳ ಹಿಂದೆಯೇ ಸಿಗುತ್ತಿತ್ತು.

ಎರಡೂ ಸಲ ನಾನು ಔಷಧದ ಹೆಸರಿಗೆ ಗಂಟುಬಿದ್ದಿದ್ದೆ, ಚರ್ಮಕ್ಕೆ ಏನಾಗಿದೆ ಎಂದು ಕೇಳಿ ತಿಳಿದಿರಲಿಲ್ಲ.

ಹಚ್ಚುವ ತೀಕ್ಷ್ಣ ಸ್ಟೆರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿದೆ. ಆದರೂ ಈ ಸಲ ಅರಿಶಿನ ಬೇಯಿಸಲು ಬಂದ ಆಳುಗಳ ಚೀಲದಲ್ಲಿ ಅದೇ ಬಗೆಯ ಟ್ಯೂಬು ಕಂಡಿತು. ಹಿಂಬದಿಯ ಸಣ್ಣ ಅಕ್ಷರದಲ್ಲಿ ಕ್ಲೊಬೆಟಾಸಾಲ್ ಎಂದಿದ್ದದ್ದನ್ನು ಓದಿ ತೋರಿಸಿ, ನನ್ನ ಕಥೆ ಹೇಳಿ, ಯಡಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗೋಣ ಬನ್ನಿ ಅಂದೆ. "ಒಂದಿನದ ಕೂಲಿ ಯಾರು ಕೊಟ್ಟಾರು ಬುದ್ಧಿ?" ಅಂದ ಒಬ್ಬ. ನ್ಯಾಯವಾದ ಮಾತು. ಅವನ ಕೂಲಿ ನಾನೇ ಕೊಟ್ಟು ಬೈಕಿನಲ್ಲಿ ಕರೆದೊಯ್ದೆ. ಉಳಿದವರು ಸುಗ್ಗಿ ಮುಗಿದ ಮೇಲೆ ನೋಡೋಣ ಅಂದಿದ್ದಾರೆ. ಅವರ ಕೂಲಿಯನ್ನೂ ತೆಗೆದಿಡಬೇಕು.