ಏಳು ಗೋಲು, ಒಂದು ಜೋಕು

ವಾರವಿಡೀ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಗುಮಾಸ್ತ. ಅಲ್ಲಿ ನಾನು ಏನು ಹೇಳಿದರೂ ಯಾರೂ ನಗುವುದಿಲ್ಲ. ‘ಸರ್ವರ್ ಡೌನ್ ಇದೆ’ ಅಂದರಂತೂ ಜನ ಹೊಡೆಯುವುದೊಂದು ಬಾಕಿ. ರಜೆ ಬಂದರೆ ಮಾತ್ರ ನಾನು ಸ್ಟ್ಯಾಂಡಪ್ ಕಾಮಿಡಿಯನ್. ಸಂಭಾವನೆ ಒಂದು ಲೋಟ ಕಾಫಿ.

ಕಳೆದ ತಿಂಗಳು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಿಗ್ಗೆ ಮಗಳ ಫುಟ್‌ಬಾಲ್ ಪಂದ್ಯವಿತ್ತು. ಪುಟ್ಟಿಗೆ 11 ವರ್ಷ, ತಂಡದ ಗೋಲ್‌ಕೀಪರ್. ಮಂಚದ ಪಕ್ಕದ ಗೋಡೆಗೆ ಬೆಂಗಳೂರು ಎಫ್‌ಸಿಯ ಗುರುಪ್ರೀತ್ ಸಿಂಗ್ ಸಂಧು ಅವರ ಚಿತ್ರ ಅಂಟಿಸಿಕೊಂಡಿದ್ದಾಳೆ. ಅವರು ಆರಡಿ ಮೀರಿದ ಆಳು, ಇವಳು ನಾಲ್ಕೂಕಾಲು ಅಡಿ. ಆವತ್ತು ನಮ್ಮ ಹುಡುಗಿಯರು 7 ಗೋಲು ಬಿಟ್ಟುಕೊಟ್ಟರು, ಹೊಡೆದದ್ದು ಸೊನ್ನೆ. ಮನೆಗೆ ಬಂದ ಪುಟ್ಟಿ ಕೈಗವಸು ಮೂಲೆಗೆಸೆದು, ಇಷ್ಟದ ಬಿಸಿಬೇಳೆಬಾತನ್ನೂ ಮುಟ್ಟದೆ ಮಲಗಿದಳು.

ಅಯ್ಯೋ ಪಾಪ ಅನ್ನಿಸಿತು. ಜೊತೆಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಸಂಜೆಗೊಂದು ಜೋಕೂ ಸಿಕ್ಕಿತು.

ಓಪನ್ ಮೈಕ್ ಅಂದರೆ ನನ್ನಂಥ ಹೊಸಬರ ಅಖಾಡ. ಒಬ್ಬೊಬ್ಬರಿಗೆ 5 ನಿಮಿಷ. ನಾಲ್ಕು ಮುಗಿಯುತ್ತಲೇ ಹಿಂದಿನಿಂದ ಮೊಬೈಲ್ ಟಾರ್ಚು ಮಿನುಗುತ್ತದೆ, ‘ಮುಗಿಸಪ್ಪಾ’ ಅಂತ. ಜನ ನಗದಿದ್ದರೆ ಆ ಐದು ನಿಮಿಷ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಂತೆ. ಆವತ್ತು ಮೊದಲೆರಡು ಜೋಕು ನೆಲಕಚ್ಚಿದವು. ಗಾಬರಿಯಾಗಿ ಮೂರನೆಯದನ್ನು ತೆಗೆದೆ.

‘ನನ್ನ ಮಗಳು ಗೋಲ್‌ಕೀಪರ್. ಬಹಳ ಸಂಸ್ಕಾರವಂತೆ. ಬಂದ ಅತಿಥಿಗಳನ್ನು ಬಾಗಿಲಲ್ಲಿ ತಡೆಯೋದೇ ಇಲ್ಲ. ಇವತ್ತು ಏಳು ಚೆಂಡು ಬಂದವು, ಏಳನ್ನೂ ಒಳಗೆ ಕರೆದು ಕೂರಿಸಿದಳು! ನೋಡಿ, ಅಲ್ಲೇ ಕೂತಿದ್ದಾಳೆ.’

ಜನ ಬಿದ್ದು ಬಿದ್ದು ನಕ್ಕರು. ತಿರುಗಿ ಅವಳನ್ನು ನೋಡಿ ಇನ್ನಷ್ಟು ನಕ್ಕರು. ಅಮ್ಮನ ಪಕ್ಕ ಕೂತಿದ್ದ ಪುಟ್ಟಿ ಮಾತ್ರ ತನ್ನ ಬೂಟು ನೋಡುತ್ತಿದ್ದಳು.

ಆಟೊದಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ದೀಪ ಆರಿಸುವಾಗ ಹೆಂಡತಿ ಅಂದಳು: ‘ಚಪ್ಪಾಳೆ ನಿಮಗೆ ಬಂತು ರೀ. ಬಿಲ್ಲು ಅವಳು ಕಟ್ಟಿದಳು.’

ಪುಟ್ಟಿ ಜಗಳವಾಡಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಅದೇ ಮೈದಾನಕ್ಕೆ ಎಳೆದೊಯ್ದಳು. ‘ಅಪ್ಪ, ಗೋಲಲ್ಲಿ ನಿಂತ್ಕೋ. ಹತ್ತು ಹೊಡೀತೀನಿ.’

ಮಕ್ಕಳ ಪಂದ್ಯಕ್ಕೆ ಚಿಕ್ಕ ಗೋಲು ಇಡುವುದುಂಟು. ಆ ಮೈದಾನದಲ್ಲಿದ್ದದ್ದು ದೊಡ್ಡವರದು. ಕಂಬದಿಂದ ಕಂಬಕ್ಕೆ 24 ಅಡಿ, ಎತ್ತರ 8 ಅಡಿ. ನಮ್ಮ ಮನೆಯ ಹಾಲು ಕೂಡ ಅಷ್ಟು ಅಗಲವಿಲ್ಲ. ಹೊರಗೆ ನಿಂತು ನೋಡುವಾಗ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪುಟ್ಟಿ 12 ಗಜ ದೂರದ ಪೆನಾಲ್ಟಿ ಗುರುತಿನಲ್ಲಿ ಚೆಂಡಿಟ್ಟಳು. ನಾನು ಎಡಕ್ಕೆ ಹಾರಿದರೆ ಚೆಂಡು ಬಲಕ್ಕೆ, ಬಲಕ್ಕೆ ಹಾರಿದರೆ ಎಡಕ್ಕೆ. ಹತ್ತರಲ್ಲಿ ಒಂದನ್ನು ತಡೆದೆ, ಅದೂ ಹೊಟ್ಟೆಯಿಂದ. ಆಗ ನಕ್ಕಳು ನೋಡಿ, ಮೈದಾನವೆಲ್ಲ ಕೇಳುವಂತೆ.

ಮಣ್ಣು ಕೊಡವಿಕೊಂಡು ಏಳುತ್ತಿದ್ದವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: ‘ಏಳು ಹೋದ್ವು, ನಿಜ. ಒಂಬತ್ತು ಹಿಡಿದೆ ಅಪ್ಪ. ಅದನ್ನ ನೀನು ಎಣಿಸ್ಲೇ ಇಲ್ಲ.’

ನನ್ನ ಬಳಿ ಉತ್ತರವಿರಲಿಲ್ಲ. ‘ತಪ್ಪಾಯ್ತು ಪುಟ್ಟಿ’ ಅಂದೆ, ಅಷ್ಟೆ.

ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಹೆಸರಿನಲ್ಲೇ ತಮ್ಮನ್ನು ಗೇಲಿ ಮಾಡಿಕೊಂಡವರು. ಆ ಪುಸ್ತಕ ನಮ್ಮ ಕಪಾಟಿನಲ್ಲಿ ವರ್ಷಗಳಿಂದ ಇದೆ. ಆದರೂ ನಗು ಬೇಕಾದಾಗ ನನ್ನ ಕೈ ಹೋದದ್ದು, ಎದುರು ಮಾತಾಡಲು ಮೈಕಿಲ್ಲದ ಮಗುವಿನ ಕಡೆಗೆ.

ಭಾನುವಾರ ಸಂಜೆ ಇನ್ನೊಂದು ಓಪನ್ ಮೈಕ್. ಅತಿಥಿಗಳ ಜೋಕು ಕೈಬಿಟ್ಟು ನನ್ನ ಹೊಟ್ಟೆಯ ಸಾಹಸ ಹೇಳಿದೆ. ನಗು ಶನಿವಾರದ ಅರ್ಧವೂ ಬರಲಿಲ್ಲ. ಆದರೆ ಮೂರನೇ ಸಾಲಿನಿಂದ ಪರಿಚಿತ ನಗುವೊಂದು ಎಲ್ಲರಿಗಿಂತ ಮೊದಲು ಕೇಳಿಸಿತು.

ಈಗ ಪಂದ್ಯಕ್ಕೆ ಹೋಗುವಾಗ ಜೇಬಿನಲ್ಲಿ ಚೀಟಿ, ಪೆನ್ನು ಇರುತ್ತವೆ. ಪುಟ್ಟಿ ಹಿಡಿದ ಒಂದೊಂದು ಚೆಂಡಿಗೂ ಒಂದು ಗೀಟು ಹಾಕುತ್ತೇನೆ. ಹೇಗೂ ಎಣಿಸುವುದೇ ನನ್ನ ಕಸುಬು ತಾನೆ?