ನೆತ್ತಿಯ ಮೇಲಣ ಕೊಕ್ಕೆ

ಇಂಗ್ಲಿಷ್ ಉಪಾಧ್ಯಾಯನಾಗಿ ಮೂವತ್ತೆರಡು ವರ್ಷ ಅನ್ನ ಉಂಡವನು ನಾನು. ಆ ಭಾಷೆಯ ವ್ಯಾಕರಣದಲ್ಲಿ ಸಂದೇಹ ಬಂದವರು ಇಂದಿಗೂ ನಮ್ಮ ಮನೆಯ ಜಗಲಿಗೆ ಬರುವುದುಂಟು. ಪ್ರಶ್ನೆಗಳು ಬಹುಮಟ್ಟಿಗೆ ಹಳೆಯವೇ. ‘ವಿಲ್ ನಾಟ್’ ಎಂಬುದು ಕುಗ್ಗಿದಾಗ ‘ವೋಂಟ್’ ಆಗುವುದೇಕೆ? ‘ಇಟ್ಸ್’ ಎಂಬಲ್ಲಿ ಅಕ್ಷರದ ನೆತ್ತಿಯ ಮೇಲೆ ಕೊಕ್ಕೆ ಯಾವಾಗ ಬೇಕು, ಯಾವಾಗ ಬೇಡ? ಮೊದಲನೆಯದಕ್ಕೆ ಉತ್ತರ ಸುಲಭ. ‘ವಿಲ್’ ಎಂಬುದಕ್ಕೆ ಹಿಂದೆ ‘ವೋಲ್’ ಎಂಬ ರೂಪವೂ ಇದ್ದಿತು. ತಾಯಿ ಅಳಿಯಿತು, ಮಗು ಉಳಿಯಿತು. ಎರಡನೆಯದಕ್ಕೆ ಉತ್ತರ ಹೇಳುವಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. ಆ ಪ್ರಸಂಗವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ನಲವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗರಿಗೆ ಹಸುವಿನ ಮೇಲೆ ಪ್ರಬಂಧ ಬರೆಯಹೇಳಿದ್ದೆನು. ಹಸುವು ಅದರ ಕರುವನ್ನು ನೆಕ್ಕುತ್ತದೆ ಎಂಬಲ್ಲಿ ಈ ಹುಡುಗನು ‘ಇಟ್ಸ್’ ಎಂಬುದಕ್ಕೆ ಕೊಕ್ಕೆ ಹಾಕಿದ್ದನು. ನಾನು ಕೆಂಪು ಗೆರೆ ಎಳೆದೆನು. ಅವನು ಎದ್ದು ನಿಂತು, “ಸಾರ್, ರಾಮನ ಪುಸ್ತಕ ಎನ್ನುವಾಗ ಕೊಕ್ಕೆ ಹಾಕಿ ಎಸ್ ಬರೆಯಿರಿ ಎಂದಿರಿ. ಅದರ ಕರು ಎನ್ನುವಾಗ ಮಾತ್ರ ಏಕೆ ಬೇಡ?” ಎಂದು ಕೇಳಿದನು.

ನನಗೆ ನಿಯಮ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ನನ್ನ ಮಾತಿಗೇ ಕೊಕ್ಕೆ ಹಾಕುತ್ತೀಯೇನೋ?” ಎಂದು ಬೆತ್ತದಿಂದ ಎರಡು ಬಾರಿಸಿದೆನು. ತರಗತಿ ನಕ್ಕಿತು. ಆ ವರ್ಷವೆಲ್ಲ ಅವನು ನನ್ನ ಪಾಠದಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ.

ನಿವೃತ್ತನಾದ ಮೇಲೆ ಬಿಡುವಾಗಿ ಓದುವಾಗ ಕಾರಣ ದೊರೆಯಿತು. ನಮ್ಮಲ್ಲಿ ‘ಮಾಡಲು ಇಲ್ಲ’ ಎಂಬುದು ‘ಮಾಡಲಿಲ್ಲ’ ಆಗುವಾಗ ಉಕಾರವು ಲೋಪವಾಗುತ್ತದೆ. ಇಂತಹ ಸಂಧಿಕಾರ್ಯಗಳನ್ನು ಕೇಶಿರಾಜನು 13ನೆಯ ಶತಮಾನದಲ್ಲಿಯೇ ಸೂತ್ರಗಳಲ್ಲಿ ಕಟ್ಟಿಟ್ಟನು. ಹೋದ ಅಕ್ಷರಕ್ಕೆ ನಾವು ಗುರುತು ಇಡುವುದಿಲ್ಲ. ಇಂಗ್ಲಿಷರು ಕೊಕ್ಕೆಯನ್ನು ಇಡುತ್ತಾರೆ. ‘ಇಟ್ ಈಸ್’ ಎಂಬುದು ‘ಇಟ್ಸ್’ ಆದಾಗ ಅದು ಹೋದ ಇಕಾರದ ಗುರುತು. ರಾಮನ ಪುಸ್ತಕದ ಕೊಕ್ಕೆಯೂ ಮೂಲದಲ್ಲಿ ಲೋಪದ ಗುರುತೇ; ಪ್ರಾಚೀನ ಇಂಗ್ಲಿಷಿನ ಷಷ್ಠೀ ಪ್ರತ್ಯಯದಲ್ಲಿದ್ದ ಸ್ವರವು ಅಲ್ಲಿ ಸವೆದುಹೋಗಿದೆ. ಆದರೆ ಅವನ, ಅವಳ, ನಮ್ಮ, ಅವರ ಎಂಬ ಅರ್ಥದ ಸರ್ವನಾಮಗಳಿಗೆ ಕೊಕ್ಕೆಯಿಲ್ಲ. ಅದರ ಎಂಬ ಅರ್ಥದ ‘ಇಟ್ಸ್’ ಕೊನೆಗೆ ಆ ಪಂಕ್ತಿಯಲ್ಲಿಯೇ ಕುಳಿತಿತು.

ಕೊನೆಗೆ ಎಂದೆನಷ್ಟೆ, ಮೊದಲು ಹಾಗಿರಲಿಲ್ಲ. ಆ ಪದವೇ ಹೊಸದು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಅದರ’ ಎನ್ನಬೇಕಾದಲ್ಲಿ ‘ಅವನ’ ಎಂಬ ಅರ್ಥದ ‘ಹಿಸ್’ ಎಂಬುದೇ ಬರುತ್ತದೆ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಪುಟದಲ್ಲಿ ‘ಅದರ’ ಎಂಬ ಅರ್ಥದಲ್ಲಿಯೇ ಕೊಕ್ಕೆಯ ‘ಇಟ್ಸ್’ ಕಾಣುತ್ತದೆ. 18ನೆಯ ಶತಮಾನದಲ್ಲಿಯೂ ವಿದ್ಯಾವಂತರು ಹಾಗೆ ಬರೆದುದುಂಟು. ನನ್ನ ಶಿಷ್ಯನು ಮಾಡಿದುದು ಅವರೆಲ್ಲ ಮಾಡಿದ ಊಹೆಯನ್ನೇ. ಅದು ಇಂದಿನ ರೂಢಿಗೆ ತಪ್ಪು, ನಿಜ. ಆದರೆ ಬೆತ್ತಕ್ಕೆ ಯೋಗ್ಯವಾದ ತಪ್ಪಲ್ಲ. ಅಂದು ನಾನು ಹೊಡೆದುದು ತಪ್ಪಿಗಲ್ಲ, ಪ್ರಶ್ನೆಗೆ.

ಕಳೆದ ಮಾಘಮಾಸದಲ್ಲಿ ಆತನು ಮಗಳ ಲಗ್ನಪತ್ರಿಕೆಯನ್ನು ಹಿಡಿದು ನಮ್ಮ ಮನೆಗೆ ಬಂದನು. ತಲೆ ನರೆತಿತ್ತು. ಕಾಫಿ ಕುಡಿಯುತ್ತಿರುವಾಗ ನಾನು ಆ ದಿನದ ಮಾತೆತ್ತಿದೆನು.

“ಏಟು ನೆನಪಿದೆ ಸಾರ್, ಏನು ಕೇಳಿದ್ದೆನೋ ಮರೆತುಹೋಯಿತು,” ಎಂದು ಆತನು ನಕ್ಕನು.

ನನಗೆ ನಗು ಬರಲಿಲ್ಲ. ಉಳಿಯಬೇಕಾದುದು ಹೋಗಿ, ಹೋಗಬೇಕಾದುದು ಉಳಿದಿತ್ತು. “ಅಂದಿನದನ್ನು ಹೊಟ್ಟೆಗೆ ಹಾಕಿಕೊಳ್ಳಪ್ಪ,” ಎಂದೆನು. ‘ತಲೆ ತಿನ್ನಬೇಡ’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದ ಹುಡುಗರನ್ನು ನಾನು ಎಷ್ಟು ಗದರಿಸಿಲ್ಲ! ಈ ಮಾತನ್ನೂ ಹಾಗೆಯೇ ತಿರುಗಿಸಿದರೆ ಕೇಳಿದವರು ಊಟದ ಮಾತೆಂದಾರು. ನುಡಿಗಟ್ಟಿನ ಅರ್ಥ ಪದಗಳಲ್ಲಿಲ್ಲ, ಆಡಿ ಬೆಳೆದವರ ಬಾಳಿನಲ್ಲಿದೆ. ಆತನಿಗೆ ಅರ್ಥವಾಯಿತು. “ದೊಡ್ಡವರು ಹೀಗೆಲ್ಲ ಅನ್ನಬಾರದು ಸಾರ್,” ಎಂದು ತಲೆ ತಗ್ಗಿಸಿದನು.

ಬಳಿಕ ಅವನ ಪ್ರಶ್ನೆಯನ್ನು ಅವನಿಗೇ ನೆನಪುಮಾಡಿಕೊಟ್ಟು, ಮೇಲೆ ಬರೆದುದನ್ನೆಲ್ಲ ಹೇಳಿದೆನು. ಇನ್ನೂ ಹತ್ತು ಮನೆಗಳಿಗೆ ಪತ್ರಿಕೆ ಹಂಚಬೇಕೆಂದು ಎದ್ದಿದ್ದವನು ಮತ್ತೆ ಕುಳಿತನು.

“ಹಾಗಾದರೆ ಸಾರ್, ಮೊದಲು ಇದ್ದ ಕೊಕ್ಕೆಯನ್ನು ಆಮೇಲೆ ತೆಗೆದವರು ಯಾರು?”

ಒಬ್ಬರು ತೆಗೆದುದಲ್ಲ, ರೂಢಿ ತೆಗೆಯಿತು ಎಂದು ಆರಂಭಿಸಿದೆನು. ಅಷ್ಟಕ್ಕೆ ಅವನು ಸುಮ್ಮನಾಗಲಿಲ್ಲ. ಒಳಗೆ ಕೂಗಿ ಇನ್ನೊಂದು ಲೋಟ ಕಾಫಿಗೆ ಹೇಳಿ, ಬೀರುವಿನಿಂದ ಪುಸ್ತಕವನ್ನು ತೆಗೆದೆನು.